ಕೇಸ್ ಪ್ರೆಸೆಂಟೇಷನ್‌ನಲ್ಲಿ ಒಳ್ಳೆ ಮಾರ್ಕ್ಸ್, ವಾರ್ಡಿನಲ್ಲಿ ಹೊಳೆಯುವುದೇ ಇಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಹೊಸ ಟ್ಯೂಟರ್

ಎಲ್ಲರಿಗೂ ನಮಸ್ಕಾರ. ಆರು ವರ್ಷ ವಾರ್ಡಿನಲ್ಲಿ ದುಡಿದು, ಕಳೆದ ವರ್ಷ ನರ್ಸಿಂಗ್ ಪಾಠ ಮಾಡಲು ಬಂದವಳು ನಾನು. ಒಂದು ವಿಷಯ ತಲೆ ಕೊರೆಯುತ್ತಿದೆ.

ನನ್ನ ವಿದ್ಯಾರ್ಥಿನಿಯೊಬ್ಬಳು ಶಾಕ್ (ರಕ್ತಸಂಚಾರ ಕುಸಿದು ಅಂಗಗಳಿಗೆ ಸಾಕಷ್ಟು ರಕ್ತ ಸಿಗದ ಸ್ಥಿತಿ) ಮೇಲೆ ಕೇಸ್ ಪ್ರೆಸೆಂಟೇಷನ್ ಮಾಡಿದಳು. ಮೂವತ್ತು ಪುಟ. ಕಾರಣ, ಲಕ್ಷಣ, ನರ್ಸಿಂಗ್ ಡಯಾಗ್ನೋಸಿಸ್, ಕೇರ್ ಪ್ಲಾನ್ ಎಲ್ಲ ಅಚ್ಚುಕಟ್ಟು. ಒಳ್ಳೆ ಮಾರ್ಕ್ಸ್ ಕೊಟ್ಟೆ. ಮೂರು ವಾರ ಕಳೆದ ಮೇಲೆ ಅದೇ ಹುಡುಗಿಗೆ ಸರ್ಜಿಕಲ್ ವಾರ್ಡ್ ಪೋಸ್ಟಿಂಗ್ ಬಂತು. ಬೆಳಗ್ಗೆ ಆಪರೇಷನ್ ಆಗಿದ್ದ ರೋಗಿಯೊಬ್ಬರು ಆ ಕಡೆ ಈ ಕಡೆ ಹೊರಳಾಡುತ್ತಾ "ಬಾಯಾರಿಕೆ, ಏನೋ ಸಂಕಟ" ಅನ್ನುತ್ತಿದ್ದರು. ಪಲ್ಸ್ 112. ಬಿಪಿ 116/88. ಬಿಪಿ ಚೆನ್ನಾಗಿದೆ ಅಂದುಕೊಂಡು ಎರಡನ್ನೂ ಚಾರ್ಟಿನಲ್ಲಿ ಬರೆದು ಪಕ್ಕದ ಬೆಡ್‌ಗೆ ಹೋದಳು. ಸ್ಟಾಫ್ ಸಿಸ್ಟರ್ ಕಣ್ಣಿಗೆ ಬಿದ್ದಿದ್ದರಿಂದ ರೋಗಿ ಉಳಿದರು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು.

ಆಮೇಲೆ ಅವಳು ಅಳುತ್ತಾ ಹೇಳಿದ್ದು: "ಮೇಡಂ, ನನಗೆ ಎಲ್ಲ ಗೊತ್ತಿತ್ತು. ಆದರೆ ಇದು ಅದೇ ಅಂತ ಹೊಳೆಯಲೇ ಇಲ್ಲ."

ತಪ್ಪು ಅವಳದ್ದು ಅಂತ ನನಗೆ ಅನ್ನಿಸುತ್ತಿಲ್ಲ. ಕ್ಲಿನಿಕಲ್ ಜಡ್ಜ್‌ಮೆಂಟನ್ನು, ಅಂದರೆ ರೋಗಿಯನ್ನು ನೋಡಿ ಏನಾಗುತ್ತಿದೆ, ಏನು ಮಾಡಬೇಕು ಅಂತ ತೀರ್ಮಾನಿಸುವುದನ್ನು, ಕೇಸ್ ಸ್ಟಡಿಯಿಂದ ಕಲಿಸಲು ಆಗುತ್ತಾ? ಆಗುವುದಾದರೆ ನಾವು ಈಗ ಮಾಡುತ್ತಿರುವ ರೀತಿಯಲ್ಲಿ ಏನು ಬದಲಾಗಬೇಕು?

ಐಸಿಯು ನೈಟ್ ಡ್ಯೂಟಿ

ಆ ಹುಡುಗಿ ನಿಜವನ್ನೇ ಹೇಳಿದ್ದಾಳೆ. ನಿಮ್ಮ ಕೇಸಿನ ತಲೆಬರಹವೇ "ಶಾಕ್" ಅಲ್ವಾ? ಉತ್ತರ ಮೊದಲ ಪುಟದಲ್ಲೇ ಇದೆ. ಉಳಿದ ಪುಟಗಳೆಲ್ಲ ಆ ಉತ್ತರದ ವಿವರಣೆ. ವಾರ್ಡಿನಲ್ಲಿ ರೋಗಿ ಹಣೆ ಮೇಲೆ ಕಾಯಿಲೆ ಹೆಸರು ಬರೆದುಕೊಂಡು ಮಲಗಿರಲ್ಲ.

ವಾರ್ಡ್ ಇನ್‌ಚಾರ್ಜ್

ಕ್ಲಾಸಿನಲ್ಲಿ ಕೂತು ಯಾರೂ ಈಜು ಕಲಿತಿಲ್ಲ ಮೇಡಂ. ಇಪ್ಪತ್ತೆರಡು ವರ್ಷದಿಂದ ವಾರ್ಡ್ ನೋಡಿಕೊಳ್ಳುತ್ತಿದ್ದೇನೆ. ಹುಡುಗರಿಗೆ ಜಡ್ಜ್‌ಮೆಂಟ್ ಬರುವುದು ರೋಗಿ ಪಕ್ಕ ನಿಂತಾಗ. ಕೇಸ್ ಸ್ಟಡಿ ಪರೀಕ್ಷೆಗೆ ಸರಿ. ಅಷ್ಟೇ.

ಸಿಮ್ ಲ್ಯಾಬ್

ಇನ್‌ಚಾರ್ಜ್ ಮೇಡಂ, ಪೂರ್ತಿ ಒಪ್ಪಲ್ಲ. ವಾರ್ಡಿನಲ್ಲಿ ವಿದ್ಯಾರ್ಥಿಗೆ ಏನು ಸಿಗುತ್ತದೆ ಅನ್ನುವುದು ಅದೃಷ್ಟ. ಒಬ್ಬಳು ಎರಡು ತಿಂಗಳ ಪೋಸ್ಟಿಂಗ್‌ನಲ್ಲಿ ಮೂರು ಎಮರ್ಜೆನ್ಸಿ ನೋಡುತ್ತಾಳೆ. ಇನ್ನೊಬ್ಬಳು ಬೆಡ್ ಮೇಕಿಂಗ್ ಮತ್ತು ವೈಟಲ್ಸ್‌ನಲ್ಲೇ ಮುಗಿಸುತ್ತಾಳೆ. ಎಮರ್ಜೆನ್ಸಿ ಬಂದಾಗಲೂ ವಿದ್ಯಾರ್ಥಿಯನ್ನು ಪಕ್ಕಕ್ಕೆ ಸರಿ ಅನ್ನುತ್ತೇವೆ. ಅನ್ನಲೇಬೇಕು, ಅಲ್ಲಿ ಇರುವುದು ಜೀವ. ಹಾಗಾದರೆ ಅವಳು ನಿರ್ಧಾರ ಮಾಡಲು ಕಲಿಯುವುದು ಎಲ್ಲಿ?

ಇನ್ನೊಂದು ಮಾತು. ಕೇಸ್ ಪ್ರೆಸೆಂಟೇಷನ್ ಬೇರೆ, ಕೇಸ್ ಸ್ಟಡಿಯಿಂದ ಪಾಠ ಮಾಡುವುದು ಬೇರೆ. ಮೊದಲನೆಯದು ಮುಗಿದ ಕಥೆಯ ವರದಿ. ಎರಡನೆಯದರಲ್ಲಿ ಕಥೆ ಹಂತಹಂತವಾಗಿ ಬಿಚ್ಚಿಕೊಳ್ಳಬೇಕು, ಪ್ರತಿ ಹಂತದಲ್ಲೂ ವಿದ್ಯಾರ್ಥಿ ಏನಾದರೂ ತೀರ್ಮಾನ ಮಾಡಬೇಕು. ನರ್ಸ್ ಹೇಗೆ ತೀರ್ಮಾನಕ್ಕೆ ಬರುತ್ತಾಳೆ ಅನ್ನುವ ಟ್ಯಾನರ್ ಅವರ ಮಾದರಿಯಲ್ಲಿ ಆರು ಹಂತ ಇವೆಯಲ್ಲ, ಅದರಲ್ಲಿ ಮೊದಲನೆಯದೇ ಸುಳಿವು ಗುರುತಿಸುವುದು.

ಓದುತ್ತಿರುವ ಪಿಜಿ

ಸರ್, ಒಂದು ಸಣ್ಣ ತಿದ್ದುಪಡಿ. ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಕೊಟ್ಟಿದ್ದು ನಾಲ್ಕು ಹಂತ: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಕೆಲಸಕ್ಕೆ ಇಳಿಯುವುದು, ಮಾಡಿದ್ದನ್ನು ಹಿಂತಿರುಗಿ ನೋಡುವುದು. ನೀವು ಹೇಳುವ ಆರು ಹಂತ ಅಮೆರಿಕದ ಎನ್‌ಸಿಎಸ್‌ಬಿಎನ್ (ಅಲ್ಲಿನ ನರ್ಸಿಂಗ್ ಮಂಡಳಿಗಳ ಒಕ್ಕೂಟ) ಮಾದರಿಯದ್ದು. 2023ರ ಏಪ್ರಿಲ್‌ನಿಂದ ಅವರ ಎನ್‌ಕ್ಲೆಕ್ಸ್ (ನರ್ಸ್ ಲೈಸೆನ್ಸ್) ಪರೀಕ್ಷೆ ಅದರ ಮೇಲೇ ನಡೆಯುತ್ತಿದೆ. ಅದರ ಕೇಸ್ ಸ್ಟಡಿಗಳಲ್ಲಿ ಒಂದೇ ರೋಗಿಯ ಕಥೆ ಮುಂದುವರಿಯುತ್ತಾ ಹೋಗುತ್ತದೆ, ಒಂದೊಂದು ಕೇಸಿಗೂ ಆರು ಪ್ರಶ್ನೆ.

ಟ್ಯಾನರ್ ಲೇಖನದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದಿದೆ. ನರ್ಸ್ ಏನು ಗಮನಿಸುತ್ತಾಳೆ ಅನ್ನುವುದು ರೋಗಿಯ ಡೇಟಾದಿಂದ ಮಾತ್ರ ಬರುವುದಲ್ಲ. ಅವಳು ಮೊದಲೇ ಏನು ಕಂಡಿದ್ದಾಳೆ, ಈ ರೋಗಿಯನ್ನು ಎಷ್ಟು ಬಲ್ಲಳು, ಆ ವಾರ್ಡಿನ ವಾತಾವರಣ ಹೇಗಿದೆ ಅನ್ನುವುದೆಲ್ಲ ಸೇರುತ್ತದೆ. ಅಂದರೆ ಆ ಹುಡುಗಿ ಎಡವಿದ್ದು ಎರಡನೇ ಮೂರನೇ ಹಂತದಲ್ಲಲ್ಲ, ಮೊದಲನೇ ಹಂತದಲ್ಲೇ. ನಮ್ಮ ಕೇಸ್ ಶೀಟು ಆ ಹಂತವನ್ನೇ ಹಾರಿಸಿಬಿಡುತ್ತದೆ. ಬೇಕಾದ ಸಂಗತಿಯನ್ನಷ್ಟೇ ಆರಿಸಿ, ತೊಳೆದು, ಜೋಡಿಸಿ ಕೈಗೆ ಕೊಡುತ್ತೇವೆ.

ಸಿಮ್ ಲ್ಯಾಬ್

ಹೌದು, ನನ್ನದೇ ತಪ್ಪು. ಎರಡನ್ನೂ ಬೆರೆಸಿಬಿಟ್ಟೆ. ಧನ್ಯವಾದ.

ಐಸಿಯು ನೈಟ್ ಡ್ಯೂಟಿ

"ಆರಿಸಿ ತೊಳೆದು" ಅಂದಿರಲ್ಲ, ಅದೇ ಮಾತು. ಟ್ಯೂಟರ್ ಮೇಡಂ, ನಿಮ್ಮ ರೋಗಿಯನ್ನೇ ಇಟ್ಟುಕೊಂಡು ನಾನು ಹೇಗೆ ಪಾಠ ಮಾಡುತ್ತೇನೆ ಹೇಳುತ್ತೇನೆ. ನಾಲ್ಕು ಚೀಟಿ ಮಾಡಿ. ಒಂದೊಂದಾಗಿ ಕೊಡಿ. ಒಂದು ಚೀಟಿಗೆ ಉತ್ತರ ಬರೆದು ಕೊಟ್ಟ ಮೇಲೆಯೇ ಮುಂದಿನದು.

ಮಧ್ಯಾಹ್ನ 2 ಗಂಟೆ. 58 ವರ್ಷದ ಗಂಡಸು, 70 ಕೆಜಿ, ಬೆಳಗ್ಗೆ ಹೊಟ್ಟೆಯ ದೊಡ್ಡ ಆಪರೇಷನ್ ಆಗಿದೆ. ಪಲ್ಸ್ 84, ಬಿಪಿ 132/78, ಉಸಿರು 16, ಹೊರಗಿನಿಂದ ಆಕ್ಸಿಜನ್ ಕೊಡದೆ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 98. ಯೂರಿನ್ ಗಂಟೆಗೆ 50 ಮಿಲಿ. ಡ್ರೈನ್‌ನಲ್ಲಿ (ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಕೊಳವೆ) 80 ಮಿಲಿ.

3 ಗಂಟೆ. ಪಲ್ಸ್ 96, ಬಿಪಿ 126/82, ಉಸಿರು 20, ಸ್ಯಾಚುರೇಷನ್ 97. ಯೂರಿನ್ 35. ಡ್ರೈನ್ 20. ಮಗ ಬಂದು "ಅಪ್ಪನಿಗೆ ತುಂಬಾ ಬಾಯಾರಿಕೆ, ನೀರು ಕೊಡಬಹುದಾ?" ಅನ್ನುತ್ತಾನೆ. ಪಕ್ಕದ ಬೆಡ್‌ನವರು ನೋವು ಅಂತ ಕೂಗುತ್ತಿದ್ದಾರೆ.

4 ಗಂಟೆ. ಪಲ್ಸ್ 108, ಬಿಪಿ 118/88, ಉಸಿರು 22, ಸ್ಯಾಚುರೇಷನ್ 96. ಯೂರಿನ್ 20. ಡ್ರೈನ್ ಸೊನ್ನೆ. ರೋಗಿ ಹೊದಿಕೆ ಎಳೆದುಕೊಳ್ಳುತ್ತಾರೆ, ಒದೆಯುತ್ತಾರೆ. ಕೈ ತಣ್ಣಗಿದೆ.

5 ಗಂಟೆ. ಪಲ್ಸ್ 118, ಬಿಪಿ 104/86, ಉಸಿರು 26, ಸ್ಯಾಚುರೇಷನ್ 95. ಯೂರಿನ್ 10.

ಮೂರನೇ ಚೀಟಿಯಲ್ಲಿ ಅರ್ಧ ಕ್ಲಾಸು "ಡ್ರೈನ್ ನಿಂತಿದೆ, ಒಳ್ಳೆಯದಾಯ್ತು" ಅಂತ ಬರೆಯುತ್ತದೆ. ನಾನು ತಿದ್ದಲ್ಲ. "ಡ್ರೈನ್ ಸೊನ್ನೆ ಆಗಲು ಎಷ್ಟು ಕಾರಣ ಇರಬಹುದು?" ಅಂತ ಕೇಳುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. ಆಮೇಲೆ ಯಾರಾದರೂ ಮೆಲ್ಲಗೆ "ರಕ್ತ ಹೆಪ್ಪುಗಟ್ಟಿ ಕಟ್ಟಿಕೊಂಡಿರಬಹುದಾ?" ಅನ್ನುತ್ತಾರೆ. ಆ ಕ್ಷಣಕ್ಕಾಗಿಯೇ ನಾನು ಈ ಪಾಠ ಮಾಡುವುದು.

ಆಮೇಲೆ ಬಿಪಿಯ ಮೇಲಿನ ಸಂಖ್ಯೆಯಿಂದ ಕೆಳಗಿನದನ್ನು ಕಳೆಯಲು ಹೇಳಿ. 54, 44, 30, 18. ಮೇಲಿನದು ತೀರಾ ಇಳಿಯುವ ಮೊದಲೇ ರಕ್ತನಾಳ ಬಿಗಿದು ಕೆಳಗಿನದು ಏರುತ್ತಿದೆ. ಆರೋಗ್ಯವಾಗಿದ್ದ ದೊಡ್ಡವರಲ್ಲಿ ಶೇಕಡ 15ರಿಂದ 30ರಷ್ಟು ರಕ್ತ ಹೋದರೂ ಮೇಲಿನ ಬಿಪಿ ಹೆಚ್ಚುಕಡಿಮೆ ನಿಂತಿರಬಹುದು. ಬಿಪಿ ಬೀಳಲಿ ಅಂತ ಕಾಯುವುದು ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮೂರನೇ ವರ್ಷ

ಅಕ್ಕ, ನಾನು ವಿದ್ಯಾರ್ಥಿನಿ. ಎರಡನೇ ಚೀಟಿ ಓದಿದಾಗ ನಾನೂ ನೀರು ಕೊಡಬಹುದಾ ಇಲ್ಲವಾ ಅಂತಷ್ಟೇ ಯೋಚಿಸಿದೆ. ಬಾಯಾರಿಕೆ ಯಾಕೆ ಅಂತ ಕೇಳಿಕೊಳ್ಳಲಿಲ್ಲ.

ವಾರ್ಡ್ ಇನ್‌ಚಾರ್ಜ್

ಈ ಚೀಟಿ ಪದ್ಧತಿ ನನಗೂ ಹಿಡಿಸಿತು. ಆದರೆ ಇಷ್ಟೆಲ್ಲ ಯಾಕೆ? ನ್ಯೂಸ್ ಸ್ಕೋರ್ (ಪಲ್ಸ್, ಬಿಪಿ, ಉಸಿರು ಮುಂತಾದವಕ್ಕೆ ಅಂಕ ಕೊಟ್ಟು ರೋಗಿ ಕೆಡುತ್ತಿದ್ದರೆ ಎಚ್ಚರಿಸುವ ಲೆಕ್ಕ) ಹಾಕಿದರೆ ತಾನಾಗೇ ಗೊತ್ತಾಗುತ್ತದೆ. ನಮ್ಮಲ್ಲಿ ಚಾರ್ಟಿನಲ್ಲೇ ಬಣ್ಣ ಇದೆ. ಹುಡುಗಿಯರಿಗೆ ಅದನ್ನು ಸರಿಯಾಗಿ ಕಲಿಸಿ ಸಾಕು.

ಓದುತ್ತಿರುವ ಪಿಜಿ

ಮೇಡಂ, ಈ ರೋಗಿಗೆ ಅದರ ಈಗಿನ ರೂಪವಾದ ನ್ಯೂಸ್-2 ಹಾಕಿ ನೋಡಿದೆ. ಟೆಂಪರೇಚರ್ ಸರಿ ಇದೆ, ಎಚ್ಚರ ಇದ್ದಾರೆ ಅಂತ ಇಟ್ಟುಕೊಂಡೆ. 2 ಗಂಟೆಗೆ ಸೊನ್ನೆ. 3 ಗಂಟೆಗೆ ಪಲ್ಸ್‌ಗೆ ಒಂದು, ಒಟ್ಟು 1. 4 ಗಂಟೆಗೆ ಪಲ್ಸ್‌ಗೆ 1, ಉಸಿರಿಗೆ 2, ಒಟ್ಟು ಬರೀ 3. ತುರ್ತಾಗಿ ನೋಡಬೇಕು ಅನ್ನುವ ಗಡಿ 5. ಐದು ಗಂಟೆಗೆ ಒಂದೇ ಸಲ 7ಕ್ಕೆ ಹಾರುತ್ತದೆ.

ಸ್ಕೋರ್ 1ರಿಂದ 4ರೊಳಗೆ ಇದ್ದರೆ ಕನಿಷ್ಠ 4ರಿಂದ 6 ಗಂಟೆಗೊಮ್ಮೆ ನೋಡಿ ಅನ್ನುತ್ತದೆ ಆ ಚಾರ್ಟು. ಬರೀ ಅದನ್ನೇ ನಂಬಿದ್ದರೆ ರಾತ್ರಿ ಎಂಟಕ್ಕೆ ಹೋಗಬೇಕಿತ್ತು. ಯೂರಿನ್, ಡ್ರೈನ್, ತಣ್ಣನೆ ಕೈ, ಹೊರಳಾಟ, ಇವು ಯಾವುದಕ್ಕೂ ಆ ಸ್ಕೋರಿನಲ್ಲಿ ಜಾಗವೇ ಇಲ್ಲ.

ವಾರ್ಡ್ ಇನ್‌ಚಾರ್ಜ್

ಲೆಕ್ಕ ಒಪ್ಪಿದೆ. ಆದರೆ ಆ ಚಾರ್ಟಿನ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ. ಸ್ಕೋರ್ ಕಡಿಮೆ ಇದ್ದಾಗಲೂ ನರ್ಸ್ ನೋಡಿ, ಇನ್ನೂ ಹೆಚ್ಚು ಸಲ ಗಮನಿಸಬೇಕಾ, ಮೇಲಿನವರನ್ನು ಕರೆಯಬೇಕಾ ಅಂತ ತೀರ್ಮಾನಿಸಬೇಕು ಅಂತಲೂ ಅದರಲ್ಲೇ ಇದೆ. ಎಲ್ಲರೂ ಆ ಸಾಲನ್ನು ಬಿಟ್ಟು ಬಣ್ಣ ಮಾತ್ರ ನೋಡುತ್ತಾರೆ.

ಐಸಿಯು ನೈಟ್ ಡ್ಯೂಟಿ

ಅದೇ ಸಾಲು ಮೇಡಂ! ಅದೇ ಕ್ಲಿನಿಕಲ್ ಜಡ್ಜ್‌ಮೆಂಟ್. ಆ ಸಾಲನ್ನು ಕಲಿಸುವುದು ಹೇಗೆ ಅನ್ನುವುದೇ ಇಲ್ಲಿನ ಪ್ರಶ್ನೆ.

ಮೆಡಿಕಲ್ ವಾರ್ಡ್

ಉಸಿರಾಟದ ವಿಷಯ ಬಂತಲ್ಲ, ಒಂದು ಹೇಳಲೇಬೇಕು. ಯಾವ ಚಾರ್ಟ್ ತೆಗೆದರೂ ಉಸಿರು 18, 20, 18, 20. ಇಡೀ ವಾರ್ಡಿಗೆ ಒಂದೇ ಉಸಿರು. ಒಂದು ನಿಮಿಷ ಎದೆ ನೋಡುತ್ತಾ ಎಣಿಸಲು ಯಾರಿಗೂ ಹೊತ್ತಿಲ್ಲ. ಕೇಸ್ ಸ್ಟಡಿಯಲ್ಲಿ ಸಂಖ್ಯೆ ಬರೆದೇ ಕೊಟ್ಟರೆ ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ನಾನು ಕ್ಲಾಸಿನಲ್ಲಿ ಉಸಿರಾಟದ ಜಾಗ ಖಾಲಿ ಬಿಡುತ್ತೇನೆ. ಕೇಳಿದವರಿಗೆ ಮಾತ್ರ ಸಂಖ್ಯೆ ಕೊಡುತ್ತೇನೆ.

ಹೊಸ ಟ್ಯೂಟರ್

ಇದು ತುಂಬಾ ಚೆನ್ನಾಗಿದೆ. ಕೇಳಿದರೆ ಮಾತ್ರ ಕೊಡುವುದು. ನಾನು ಇಷ್ಟು ದಿನ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೊಡುತ್ತಿದ್ದೆ.

ನಿವೃತ್ತ ಸಿಸ್ಟರ್

ಮಕ್ಕಳೇ, ನೀವು ಹೇಳುವುದೆಲ್ಲ ಸರಿ. ಆದರೆ ಹೊಸಬರಿಂದ ಎಷ್ಟು ನಿರೀಕ್ಷೆ ಮಾಡಬಹುದು ಅಂತಲೂ ಯೋಚಿಸಿ. ಪೆಟ್ರೀಷಿಯಾ ಬೆನ್ನರ್ 1984ರಲ್ಲೇ ಬರೆದಿದ್ದಾರೆ. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ, ಅನುಭವಸ್ಥರು ಇಡೀ ಸನ್ನಿವೇಶವನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ನನಗೆ ಬಾಗಿಲಲ್ಲಿ ನಿಂತು ನೋಡಿದರೆ ಈ ರೋಗಿ ಸರಿ ಇಲ್ಲ ಅಂತ ಗೊತ್ತಾಗುತ್ತಿತ್ತು. ಅದು ಬರಲು ವರ್ಷಗಳೇ ಬೇಕಾದವು. ಚೀಟಿಯಿಂದ ಬರುತ್ತದೆಯೇ?

ಓದುತ್ತಿರುವ ಪಿಜಿ

ಸಿಸ್ಟರ್, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಆ ನೋಟ ಚೀಟಿಯಿಂದ ಬರಲ್ಲ, ನಿಜ. ಆದರೆ ವಿದ್ಯಾರ್ಥಿ ಮುಂದೆ ಆ ರೋಗಿಯನ್ನು ಕಂಡಾಗ ಹೋಲಿಸಿ ನೋಡಲು ಮನಸ್ಸಿನಲ್ಲಿ ಒಂದು ಚಿತ್ರವಾದರೂ ಇರಬೇಕಲ್ಲ? ನಿಮಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತಲ್ಲ, ಆಗ ನಿಮ್ಮ ಕಣ್ಣು ಎಲ್ಲಿ ಹೋಗುತ್ತಿತ್ತು? ಅದನ್ನು ಬಾಯಿಬಿಟ್ಟು ಹೇಳಿದರೆ ಅದೇ ನಮಗೆ ಪಾಠ.

ನಿವೃತ್ತ ಸಿಸ್ಟರ್

ಒಳ್ಳೆಯ ಪ್ರಶ್ನೆ. ನಿಧಾನವಾಗಿ ನೆನಪಿಸಿಕೊಂಡೆ. ಮೊದಲು ಮುಖದ ಬಣ್ಣ. ಆಮೇಲೆ ಕೈ ಏನು ಮಾಡುತ್ತಿದೆ ಅಂತ. ಸುಮ್ನೆ ಬೆಡ್‌ಶೀಟ್ ಕೆರೆಯುತ್ತಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಮಾತು. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿದೆಯಾ, ನಡುವೆ ಉಸಿರು ಎಳೆಯುತ್ತಿದ್ದಾರಾ. ಮತ್ತೆ ಮನೆಯವರ ಮುಖ. "ಇವರು ಯಾಕೋ ಯಾವಾಗಿನ ಹಾಗಿಲ್ಲ ಸಿಸ್ಟರ್" ಅಂತ ಹೆಂಡತಿ ಹೇಳಿದರೆ ನಾನು ಎಂದೂ ಕಡೆಗಣಿಸಿಲ್ಲ.

ಒಂದು ಸಲ ಕಡೆಗಣಿಸಿದ್ದೆ. ಹೊಸದರಲ್ಲಿ. ಎಪ್ಪತ್ತು ದಾಟಿದ ಅಜ್ಜಿ, ಜ್ವರ ಇಲ್ಲ, ಸುಮ್ಮನೆ ಏನೇನೋ ಮಾತಾಡುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆ. ಮಗಳು ಮೂರು ಸಲ ಬಂದು ನಿನ್ನೆ ಹೀಗಿರಲಿಲ್ಲ ಅಂದಳು. ಬೆಳಗಾಗುವಷ್ಟರಲ್ಲಿ ಸೆಪ್ಸಿಸ್, ಸೋಂಕಿನಿಂದ ಅಂಗಗಳೇ ಕೆಡುವ ಸ್ಥಿತಿ. ಆ ಅಜ್ಜಿ ಉಳಿಯಲಿಲ್ಲ. ಇವತ್ತಿಗೂ ಆ ಮಗಳ ದನಿ ಕಿವಿಯಲ್ಲಿದೆ.

ಮೆಡಿಕಲ್ ವಾರ್ಡ್

ಸಿಸ್ಟರ್, ಬರೆದದ್ದಕ್ಕೆ ಧನ್ಯವಾದ. 2017ರಲ್ಲಿ ನ್ಯೂಸ್-2 ಬಂದಾಗ ಹೊಸದಾಗಿ ಕಾಣಿಸಿಕೊಂಡ ಗೊಂದಲಕ್ಕೆ ಒಮ್ಮೆಲೇ 3 ಅಂಕ ಸೇರಿಸಿದ್ದು ಇಂಥ ರೋಗಿಗಳಿಗಾಗಿಯೇ. ವಯಸ್ಸಾದವರಲ್ಲಿ ಸೋಂಕು ಜೋರಾಗಿದ್ದರೂ ಜ್ವರ ಬರದೇ ಇರಬಹುದು. ನಿಮ್ಮ ಅಜ್ಜಿಯ ಕೇಸನ್ನು ಹೆಸರಿಲ್ಲದೆ ಕ್ಲಾಸಿನಲ್ಲಿ ಹೇಳಬಹುದಾ?

ನಿವೃತ್ತ ಸಿಸ್ಟರ್

ಹೇಳಿ. ಮಗಳ ಮಾತನ್ನು ಬಿಡದೆ ಹೇಳಿ.

ಮೂರನೇ ವರ್ಷ

ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ. ಕೇಸ್ ಚರ್ಚೆ ಅಂದರೆ ನಮಗೆ ಭಯ. ತಪ್ಪು ಹೇಳಿದರೆ ಎಲ್ಲರ ಮುಂದೆ ಬೈಸಿಕೊಳ್ಳಬೇಕು. ಅದಕ್ಕೆ ಗೊತ್ತಿರುವ ನಾಲ್ಕು ಜನ ಮಾತಾಡುತ್ತಾರೆ, ಉಳಿದ ಐವತ್ತು ಜನ ತಲೆ ತಗ್ಗಿಸಿ ಬರೆದುಕೊಳ್ಳುತ್ತೇವೆ. ಕೊನೆಗೆ ಮೇಡಂ ಉತ್ತರ ಹೇಳುತ್ತಾರೆ ಅಂತ ಗೊತ್ತು. ಹಾಗಾಗಿ ಯೋಚಿಸುವ ಅವಶ್ಯಕತೆಯೇ ಬರಲ್ಲ. ವಾರ್ಡಿನಲ್ಲೂ ಅದೇ. ಅನುಮಾನ ಬಂದರೂ, ನಾನು ತಪ್ಪಾಗಿದ್ದರೆ ಬೈಯುತ್ತಾರೆ ಅಂತ ಸುಮ್ಮನಾಗುತ್ತೇವೆ.

ಹೊಸ ಟ್ಯೂಟರ್

ಇದನ್ನು ಓದಿ ನನ್ನ ಆ ವಿದ್ಯಾರ್ಥಿನಿಯನ್ನು ಕೇಳಿದೆ. "ಪಲ್ಸ್ ಜಾಸ್ತಿ ಅಂತ ಅನ್ನಿಸಿತ್ತು ಮೇಡಂ, ಆದರೆ ಸಿಸ್ಟರ್ ಬಿಝಿ ಇದ್ದರು" ಅಂದಳು. ಅಂದರೆ ಅವಳಿಗೆ ಅರ್ಧ ಹೊಳೆದಿತ್ತು. ಹೇಳಲು ಧೈರ್ಯ ಬರಲಿಲ್ಲ.

ಸಿಮ್ ಲ್ಯಾಬ್

ಹಾಗಾದರೆ ಹೇಳುವುದನ್ನೂ ಕೇಸಿನೊಳಗೇ ಸೇರಿಸಿ. ಮೂರನೇ ಚೀಟಿ ಆದ ಮೇಲೆ "ಈಗ ಡಾಕ್ಟರಿಗೆ ಫೋನ್ ಮಾಡು" ಅನ್ನಿ. ನಾನೇ ಡಾಕ್ಟರ್ ಆಗಿ ಇನ್ನೊಂದು ಕಡೆ ಕೂರುತ್ತೇನೆ. "ಬಿಪಿ ಸರಿ ಇದೆಯಲ್ಲ, ಯಾಕೆ ಫೋನ್ ಮಾಡಿದೆ?" ಅಂತ ಬೇಕೆಂದೇ ಕೇಳುತ್ತೇನೆ. ಎಸ್‌ಬಿಎಆರ್ ಕ್ರಮ ಎಲ್ಲರಿಗೂ ಬಾಯಿಪಾಠ. ಈಗಿನ ಪರಿಸ್ಥಿತಿ, ಹಿನ್ನೆಲೆ, ನನಗೆ ಅನ್ನಿಸಿದ್ದು, ನಿಮ್ಮಿಂದ ಬೇಕಾದ್ದು. ಅಮೆರಿಕದ ನೌಕಾಪಡೆಯ ಅಣು ಸಬ್‌ಮರೀನ್‌ಗಳಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದ ಕ್ರಮ ಅದು. ಮೊದಲ ಎರಡು ಭಾಗ ಸಲೀಸಾಗಿ ಹೇಳುತ್ತಾರೆ. ಮೂರನೆಯದಕ್ಕೆ ಬಂದಾಗ ಗಂಟಲು ಕಟ್ಟುತ್ತದೆ. "ನನಗೆ ಒಳಗೆ ರಕ್ತಸ್ರಾವ ಆಗುತ್ತಿದೆ ಅನ್ನಿಸುತ್ತಿದೆ, ನೀವು ಈಗಲೇ ಬಂದು ನೋಡಬೇಕು." ಈ ಒಂದು ವಾಕ್ಯ ಹೇಳಿಸಲು ಹತ್ತು ಸಲ ಅಭ್ಯಾಸ ಬೇಕು.

ಮೆಡಿಕಲ್ ವಾರ್ಡ್

ಇನ್ನೊಂದು ಎಚ್ಚರಿಕೆ. ಪ್ರತಿ ಕೇಸಿನಲ್ಲೂ ರೋಗಿ ಕೆಡುತ್ತಲೇ ಹೋದರೆ ವಿದ್ಯಾರ್ಥಿಗಳು ಅದನ್ನೇ ಕಾಯುತ್ತಾರೆ. ನಾಲ್ಕರಲ್ಲಿ ಒಂದು ಕೇಸ್ ಏನೂ ಆಗದೆ ಮುಗಿಯಲಿ. ಪಲ್ಸ್ 104, ಕಾರಣ ನೋವು, ನೋವಿನ ಔಷಧ ಕೊಟ್ಟ ಮೇಲೆ 82. ಎಲ್ಲದಕ್ಕೂ ಗಾಬರಿ ಬೀಳುವುದೂ ಜಡ್ಜ್‌ಮೆಂಟ್ ಅಲ್ಲ.

ಮತ್ತೆ ಕೆಲವು ಕೇಸಿನಲ್ಲಿ ಸಂಖ್ಯೆಯೇ ದಾರಿ ತಪ್ಪಿಸಬೇಕು. ಎದೆಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುವ ರೋಗಿ, ರಕ್ತ ಹೋಗುತ್ತಿದ್ದರೂ ಪಲ್ಸ್ 78. ಅದೇ ಮಾತ್ರೆ ತೆಗೆದುಕೊಳ್ಳುವ ಡಯಾಬಿಟಿಸ್ ರೋಗಿಗೆ ಶುಗರ್ ಇಳಿದರೆ ನಡುಕ, ಎದೆಬಡಿತ ಅಷ್ಟಾಗಿ ಕಾಣಲ್ಲ, ಬೆವರು ಮಾತ್ರ ಬರುತ್ತದೆ. ಮಾರ್ಫಿನ್ (ಉಸಿರನ್ನು ನಿಧಾನ ಮಾಡಬಲ್ಲ ಜೋರು ನೋವಿನ ಔಷಧ) ಕೊಟ್ಟ ರೋಗಿ ಆಕ್ಸಿಜನ್ ಮೇಲೆ ಇದ್ದಾರೆ, ಸ್ಯಾಚುರೇಷನ್ 98, "ಒಳ್ಳೆ ನಿದ್ದೆ". ಉಸಿರು ಎಣಿಸಿದರೆ 7.

ವಾರ್ಡ್ ಇನ್‌ಚಾರ್ಜ್

ಆ ಕೊನೆಯದು ನಮ್ಮಲ್ಲಿ ಆಗಿದೆ. ರಾತ್ರಿ ಎಲ್ಲರೂ ನಿದ್ದೆ ಅಂದುಕೊಂಡಿದ್ದರು. ಎಬ್ಬಿಸಿ ನೋಡಿದವಳು ಒಬ್ಬ ವಿದ್ಯಾರ್ಥಿನಿ. ಇಷ್ಟು ದಿನ ಅವಳು ಚುರುಕು ಅಂದುಕೊಂಡಿದ್ದೆ. ಅವಳಿಗೆ ಯಾರು ಹೇಗೆ ಕಲಿಸಿದರು ಅಂತ ಕೇಳಲೇ ಇಲ್ಲ. ನಾಳೆ ಕೇಳುತ್ತೇನೆ.

ಹೊಸ ಟ್ಯೂಟರ್

ಮಾರ್ಕ್ಸ್ ಹೇಗೆ ಕೊಡುತ್ತೀರಿ? ಉತ್ತರ ಸರಿ ಬಂದವರಿಗಾ?

ಓದುತ್ತಿರುವ ಪಿಜಿ

ಕ್ಯಾಥಿ ಲಸಾಟರ್ 2007ರಲ್ಲಿ ಟ್ಯಾನರ್ ಮಾದರಿಯ ಮೇಲೇ ಒಂದು ರೂಬ್ರಿಕ್ (ಅಂಕ ಕೊಡುವ ಮಾನದಂಡಗಳ ಪಟ್ಟಿ) ಮಾಡಿದ್ದಾರೆ. 11 ಅಂಶ, ನಾಲ್ಕು ಮಟ್ಟ. ಅದರಲ್ಲಿ ಹೇಗೆ ಗಮನಿಸಿದಳು, ಮಾಹಿತಿ ಹುಡುಕಿಕೊಂಡು ಹೋದಳಾ, ಯಾವುದನ್ನು ಮೊದಲು ಹಿಡಿದಳು ಅನ್ನುವುದನ್ನು ನೋಡುತ್ತಾರೆ. ನಾನು ಇನ್ನೂ ಸರಳ ಮಾಡಿಕೊಂಡಿದ್ದೇನೆ. ಪ್ರತಿ ಚೀಟಿಗೂ ಮೂರೇ ಸಾಲು: ಏನು ಕಂಡೆ, ಏನಿರಬಹುದು, ಈಗ ಏನು ಮಾಡುತ್ತೇನೆ. ಪೆನ್ನಿನಲ್ಲಿ. ಅಳಿಸುವ ಹಾಗಿಲ್ಲ. ಮೊದಲು ತಪ್ಪು ಬರೆದು ಮೂರನೇ ಚೀಟಿಯಲ್ಲಿ "ನನ್ನ ಅಂದಾಜು ಬದಲಾಯಿತು, ಯಾಕೆಂದರೆ" ಅಂತ ಬರೆದವರಿಗೆ ಹೆಚ್ಚು ಮಾರ್ಕ್ಸ್.

ಹೊಸ ಟ್ಯೂಟರ್

ಎರಡು ವಾರ ಆದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಐಸಿಯು ಅಕ್ಕನ ನಾಲ್ಕು ಚೀಟಿ ಹಿಡಿದು ಕ್ಲಾಸಿಗೆ ಹೋದೆ. ಉಸಿರಿನ ಜಾಗ ಖಾಲಿ ಬಿಟ್ಟೆ. ಮೊದಲ ಸಲ 48 ಜನರಲ್ಲಿ ಆರು ಜನ ಕೇಳಿದರು. ಇವತ್ತು ಬೇರೆ ಕೇಸ್ ಕೊಟ್ಟೆ, 31 ಜನ ಕೇಳಿದರು. ಒಂದು ಕೇಸಿಗೆ ಒಂದು ಗಂಟೆಯೇ ಹಿಡಿಯುತ್ತದೆ, ಸಿಲಬಸ್ ಹಿಂದೆ ಬೀಳುತ್ತಿದೆ, ಅದಕ್ಕೆ ಇನ್ನೂ ದಾರಿ ಕಂಡಿಲ್ಲ. ಸರ್ಜಿಕಲ್ ವಾರ್ಡಿನ ಆ ಹುಡುಗಿ ತನ್ನ ರೋಗಿಯ ಕಥೆಯನ್ನು ತಾನೇ ಚೀಟಿಯಾಗಿ ಬರೆದು ಜೂನಿಯರ್‌ಗಳಿಗೆ ಕೊಟ್ಟಿದ್ದಾಳೆ. ನಾನು ಹೇಳಿರಲಿಲ್ಲ.

ಹೆರಿಗೆ ವಿಭಾಗದ ಕೇಸ್ ಯಾರ ಹತ್ತಿರವಾದರೂ ಇದೆಯಾ?

ಲೇಬರ್ ರೂಮ್

ಇದೆ. ಇಲ್ಲೇ ಶುರು ಮಾಡೋಣ. ಮೂರನೇ ವರ್ಷದ ಹುಡುಗಿ ಇದ್ದಾಳಲ್ಲ, ಅವಳೇ ಉತ್ತರ ಹೇಳಲಿ. ಹೆರಿಗೆಯಾಗಿ 40 ನಿಮಿಷ. ಮಾಸು ಬಿದ್ದಿದೆ. ತಾಯಿ "ತಲೆ ಹಗುರ ಆಗುತ್ತಿದೆ" ಅನ್ನುತ್ತಾಳೆ. ಪಲ್ಸ್ 104, ಬಿಪಿ 112/74. ಮೊದಲು ಏನು ನೋಡುತ್ತೀಯ?

ಮೂರನೇ ವರ್ಷ

ಸಹಾಯಕ್ಕೆ ಕರೆಯುತ್ತೇನೆ. ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯಾ ನೋಡುತ್ತೇನೆ. ಪ್ಯಾಡ್ ನೋಡುತ್ತೇನೆ, ಬೆನ್ನ ಕೆಳಗೂ ನೋಡುತ್ತೇನೆ, ರಕ್ತ ಹಿಂದಕ್ಕೆ ಹರಿದಿರಬಹುದು. ಮೂತ್ರಕೋಶ ತುಂಬಿದೆಯಾ ಅಂತಲೂ. ಉಸಿರು ಎಷ್ಟಿದೆ ಮೇಡಂ?

ಲೇಬರ್ ರೂಮ್

ಉಸಿರು 22. ಮೂತ್ರಕೋಶ ಖಾಲಿ. ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಆದರೆ ಬೆನ್ನ ಕೆಳಗೆ ಕೆಂಪು ರಕ್ತ, ಸಣ್ಣಗೆ ಹರಿಯುತ್ತಲೇ ಇದೆ. ಈಗ?

ಮೂರನೇ ವರ್ಷ

ಗರ್ಭಕೋಶ ಗಟ್ಟಿ ಇದ್ದೂ ರಕ್ತ ನಿಲ್ಲುತ್ತಿಲ್ಲ ಅಂದರೆ ಎಲ್ಲೋ ಹರಿದಿದೆ ಅನ್ನಿಸುತ್ತದೆ. ಗರ್ಭಕೋಶದ ಬಾಯಿ ಅಥವಾ ಯೋನಿಯಲ್ಲಿ. ಬಿಪಿ ಬೀಳುವ ತನಕ ಕಾಯಲ್ಲ, ಈಗಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಅವರು "ಬಿಪಿ ಸರಿ ಇದೆಯಲ್ಲ" ಅಂದರೂ ಬಂದು ನೋಡಿ ಅನ್ನುತ್ತೇನೆ.